ಗಿಡುಗ ಕೂತಿದ್ದು ಯಾರ ಕೈ ಮೇಲೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಗಿಡುಗ ಬೇಟೆಯ, ಅಂದರೆ ಗಿಡುಗವನ್ನು ಬಿಟ್ಟು ಆಡುವ ಬೇಟೆಯ, ಬಗ್ಗೆ ಬಂದ ಲೇಖನ ಓದಿದೆ. ತಲೆಬರಹ ‘ರಾಜರ ಆಟ’. ಜೊತೆಗೆ ಅರ್ಧ ಪುಟದ ಫೋಟೊ. ಬಿಳಿ ನಿಲುವಂಗಿ ತೊಟ್ಟ ಶ್ರೀಮಂತರೊಬ್ಬರು ನಗುತ್ತಾ ನಿಂತಿದ್ದಾರೆ. ಪಕ್ಕದಲ್ಲಿ ಕಣ್ಣು ಮುಚ್ಚುವ ಟೋಪಿ ಹಾಕಿಸಿಕೊಂಡ ಗಿಡುಗ. ಆದರೆ ಆ ಗಿಡುಗ ಕೂತಿರುವುದು ಅವರ ಕೈ ಮೇಲಲ್ಲ. ಫೋಟೊದ ಎಡ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಮುಂಗೈಗೆ ಸವೆದು ಹೋದ ದಪ್ಪ ತೋಳುಪಟ್ಟಿ. ಗಿಡುಗ ಅದರ ಮೇಲಿದೆ. ಉಳಿದ ಮನುಷ್ಯನನ್ನು ನೀವು ಕತ್ತರಿಸಿದ್ದೀರಿ. ಕೆಳಗೆ ‘ಪಳಗಿಸಿದ ರಣಹದ್ದಿನೊಂದಿಗೆ’ ಎಂದು ಬರೆದಿದ್ದೀರಿ.

ಹೆಸರಿನ ತಕರಾರು ಚಿಕ್ಕದು, ಮೊದಲು ಮುಗಿಸಿಬಿಡುತ್ತೇನೆ. ರಣಹದ್ದು ಸತ್ತದ್ದನ್ನು ತಿಂದು ಬದುಕುವ ಹಕ್ಕಿ. ಅದನ್ನು ಬೇಟೆಗೆ ಬಿಟ್ಟರೆ ಮೊಲ ತಾನಾಗಿಯೇ ಸಾಯಲಿ ಎಂದು ಕಾಯುತ್ತಾ ಕೂರುತ್ತದೆ, ಅಷ್ಟೇ. ನಿಮ್ಮ ಫೋಟೊದಲ್ಲಿರುವುದು ಗಿಡುಗ, ಅದರಲ್ಲೂ ಸೇಕರ್ ಜಾತಿಯದು. ಇಂಥ ಹಕ್ಕಿಗಳಿಗೆ ಕನ್ನಡದಲ್ಲಿ ಹೆಸರಿಗೇನೂ ಬರವಿಲ್ಲ. ಗಿಡುಗ ಇದೆ, ಡೇಗೆ ಇದೆ, ಸಾಳುವ ಇದೆ. ಸಾಳುವ ಎಂದರೆ ಬೇಟೆಗೆ ಬಳಸುವ ಗಿಡುಗ. 1485ರಲ್ಲಿ ವಿಜಯನಗರದ ಪಟ್ಟಕ್ಕೆ ಬಂದ ಸಾಳುವ ನರಸಿಂಹನ ಮನೆತನದ ಹೆಸರೇ ಅದು. ಅದಕ್ಕೂ ಮೂರೂವರೆ ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಶ್ಯೇನವಿನೋದ ಎನ್ನುವ ಭಾಗವೇ ಇದೆ. ಶ್ಯೇನ ಎಂದರೂ ಗಿಡುಗವೇ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ರಣಹದ್ದು ಯಾಕೆ?

ಈಗ ದೊಡ್ಡ ತಕರಾರಿಗೆ ಬರುತ್ತೇನೆ. ಅದು ಆ ಮೊಣಕೈಯದು.

ನಾನು ಕೊಲ್ಲಿ ದೇಶವೊಂದರ ಗಿಡುಗ ಆಸ್ಪತ್ರೆಯಲ್ಲಿ 13 ವರ್ಷ ಲ್ಯಾಬ್ ಟೆಕ್ನಿಶಿಯನ್ ಆಗಿದ್ದವಳು. ಹೌದು, ಗಿಡುಗಗಳಿಗೆಂದೇ ಆಸ್ಪತ್ರೆ. ಅಬುಧಾಬಿಯಲ್ಲಿ 1999ರಲ್ಲಿ ಶುರುವಾದ ದೊಡ್ಡ ಆಸ್ಪತ್ರೆ ಬಹಳ ಹೆಸರುವಾಸಿ. ನಾನಿದ್ದದ್ದು ಬೇರೆ, ಸಣ್ಣದು. ಹಿಕ್ಕೆ, ರಕ್ತ, ಗಂಟಲಿನ ಲೋಳೆ ಇವನ್ನೆಲ್ಲ ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ನಾನು ನರ್ಸ್ ಅಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಸುಮ್ನಾದೆ.

ಕಾಯುವ ಕೋಣೆಯಲ್ಲಿ ಮೊಣಕಾಲೆತ್ತರದ ಉದ್ದ ಕಟ್ಟೆಗಳು. ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು. ಬೆಳಗ್ಗೆ ಏಳು ಗಂಟೆಗೆ ಬಾಗಿಲು ತೆಗೆದರೆ ಇಪ್ಪತ್ತು ಮೂವತ್ತು ಗಿಡುಗಗಳು ಸಾಲಾಗಿ ಕೂತಿರುತ್ತಿದ್ದವು. ಎಲ್ಲದಕ್ಕೂ ತೊಗಲಿನ ಟೋಪಿ. ಅಲ್ಲಿ ಅದಕ್ಕೆ ಬುರ್ಕಾ ಎನ್ನುತ್ತಾರೆ. ಸದ್ದೇ ಇಲ್ಲ. ಆಗಾಗ ಒಂದು ತಲೆ ಕೊಡವುತ್ತದೆ, ಇನ್ನೊಂದು ಹಿಕ್ಕೆ ಹಾಕುತ್ತದೆ. ಯಜಮಾನರು ಬರುತ್ತಿರಲಿಲ್ಲ ಎಂದು ಹೇಳುವುದಿಲ್ಲ. ಕೆಲವರು ತಮ್ಮ ಹಕ್ಕಿಯನ್ನು ತಾವೇ ಹಿಡಿದು ಬಂದು, ಡಾಕ್ಟರಿಗಿಂತ ಜಾಸ್ತಿ ತಿಳಿದವರಂತೆ ಮಾತಾಡುತ್ತಿದ್ದರು. ನಿಜಕ್ಕೂ ತಿಳಿದವರೂ ಇದ್ದರು. ಆದರೆ ವರ್ಷವಿಡೀ ಆ ಸಾಲಿನ ಹಿಂದೆ ಕೂರುತ್ತಿದ್ದವರು ಸಂಬಳದವರು. ದಿನಾ ತೂಕ ನೋಡುವವರು, ಮಾಂಸ ಕತ್ತರಿಸುವವರು, ರಾತ್ರಿ ಹಕ್ಕಿಯ ಪಕ್ಕದಲ್ಲೇ ಮಲಗುವವರು. ಗಿಡುಗ ಸಾಕಿ ಕಲಿಸುವವನಿಗೆ ಅರಬ್ಬಿಯಲ್ಲಿ ಸಕ್ಕಾರ್ ಎಂಬ ಗೌರವದ ಹೆಸರಿದೆ. ಇವರಲ್ಲಿ ಎಷ್ಟೋ ಜನಕ್ಕೆ ಆ ಹೆಸರು ಸಿಗುತ್ತಿರಲಿಲ್ಲ. ಅವರ ವೀಸಾದಲ್ಲಿ ಬರೀ ‘ಕೆಲಸಗಾರ’.

ನಿಮ್ಮ ಲೇಖನ ‘ಪಳಗಿಸಿದ’ ಎಂಬ ಮಾತನ್ನು ಐದು ಸಲ ಬಳಸಿದೆ. ಎಣಿಸಿದೆ. ನಾಯಿಯನ್ನು ಪಳಗಿಸುತ್ತಾರೆ, ಆನೆಯನ್ನು ಪಳಗಿಸುತ್ತಾರೆ. ಗಿಡುಗಕ್ಕೆ ಆ ಮಾತು ಒಪ್ಪುವುದಿಲ್ಲ. ಅದು ನಿಮ್ಮನ್ನು ಪ್ರೀತಿಸುವುದಿಲ್ಲ, ನಿಮಗೆ ಹೆದರುವುದೂ ಇಲ್ಲ. ಹೊಡೆದರೆ ಮುಗಿಯಿತು, ಮತ್ತೆ ಹತ್ತಿರ ಬರುವುದಿಲ್ಲ. ಕಲಿಸುವ ದಾರಿ ಒಂದೇ. ಮೊದಲು ಕೈ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಓಡಾಡಬೇಕು. ಟೋಪಿ ತೆಗೆದು ಕೈ ಮೇಲೇ ತಿನ್ನಿಸಬೇಕು. ಅದು ನಿಮ್ಮ ಮುಖ ನೋಡುತ್ತಾ ಧೈರ್ಯವಾಗಿ ತಲೆ ಬಗ್ಗಿಸಿ ಒಂದು ತುತ್ತು ತಿಂದರೆ ಅದೇ ದೊಡ್ಡ ಗೆಲುವು. ಯಾಕೆಂದರೆ ಕಾಡಿನ ಹಕ್ಕಿ ಶತ್ರುವಿನ ಎದುರು ತಲೆ ಬಗ್ಗಿಸುವುದಿಲ್ಲ. ಆಮೇಲೆ ಒಂದು ಗೇಣು ಹಾರಿ ಕೈಗೆ ಬರಬೇಕು. ಆಮೇಲೆ ಒಂದು ಮಾರು, ಹತ್ತು ಮಾರು, ಕಾಲಿಗೆ ಉದ್ದನೆ ದಾರ ಕಟ್ಟಿ. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಆ ದಾರ ಬಿಚ್ಚುತ್ತಾರೆ.

ದಾರ ಬಿಚ್ಚುವ ಹೊತ್ತಿಗೆ ನಾನು ಎರಡು ಸಲ ಅಲ್ಲಿದ್ದೆ. ಸುತ್ತ ಯಾರೂ ಮಾತಾಡುವುದಿಲ್ಲ. ಹಕ್ಕಿ ಹಾರುತ್ತದೆ, ಸಣ್ಣ ಚುಕ್ಕಿಯಾಗುತ್ತದೆ. ಅದನ್ನು ವಾಪಸ್ ಎಳೆಯಲು ಯಾರ ಕೈಯಲ್ಲೂ ಏನೂ ಇಲ್ಲ. ದಾರದ ತುದಿಗೆ ರೆಕ್ಕೆಗಳನ್ನು ಕಟ್ಟಿದ ತಿಲ್ವಾವನ್ನು ಗಿರಗಿರ ತಿರುಗಿಸುತ್ತಾ ‘ಹೋ, ಹೋ’ ಎಂದು ಕೂಗುತ್ತಾರೆ. ಮನಸ್ಸಾದರೆ ಬರುತ್ತದೆ. ಇಲ್ಲದಿದ್ದರೆ ಹೋಗುತ್ತದೆ. ಇದು ಮೊದಲ ದಿನದ ಮಾತಲ್ಲ. ಹತ್ತು ವರ್ಷ ಇಟ್ಟುಕೊಂಡರೂ ಪ್ರತಿ ಸಲ ಬಿಟ್ಟಾಗ ಇದೇ ಕಥೆ. ಸೇಕರ್ ಗಿಡುಗಕ್ಕೆ ಅರಬ್ಬಿಯಲ್ಲಿ ‘ಹುರ್’ ಎಂದು ಹೆಸರು. ಹುರ್ ಎಂದರೆ ಸ್ವತಂತ್ರ. ಹೆಸರಿಟ್ಟವರಿಗೆ ತಾವು ಏನು ಕಟ್ಟಿಕೊಂಡಿದ್ದೇವೆ ಎಂದು ಸರಿಯಾಗಿಯೇ ಗೊತ್ತಿತ್ತು.

ಬರುವುದು ಬಿಡುವುದು ನಿಂತಿರುವುದು ಹಸಿವಿನ ಮೇಲೆ. ಅದಕ್ಕೇ ತಕ್ಕಡಿ. ಪ್ರತಿ ಗಿಡುಗಕ್ಕೂ ಒಂದು ಹಾರುವ ತೂಕ ಇರುತ್ತದೆ. ಹೆಣ್ಣು ಸೇಕರ್ ಸುಮಾರು ಒಂದು ಕಿಲೋ ತೂಗುತ್ತದೆ. ಹಾರುವ ತೂಕಕ್ಕಿಂತ ಮೂವತ್ತು ಗ್ರಾಂ ಜಾಸ್ತಿಯಾದರೆ ಅದಕ್ಕೆ ನಿಮ್ಮ ಹಂಗಿಲ್ಲ, ಯಾವುದೋ ಕಂಬದ ಮೇಲೆ ಕೂತು ಗರಿ ತಿದ್ದಿಕೊಳ್ಳುತ್ತದೆ. ತೀರಾ ಕಡಿಮೆಯಾದರೆ ಶಕ್ತಿ ಇಲ್ಲದೆ ಬೀಳುತ್ತದೆ, ರೋಗ ಹಿಡಿಯುತ್ತದೆ. ಹೆಡ್ಡ ಯಜಮಾನನ ಗಿಡುಗ ಹಸಿದು ಸಾಯುತ್ತದೆ, ತಿಳಿದವನ ಗಿಡುಗ ಗೆರೆಯ ಮೇಲೆ ನಡೆಯುತ್ತದೆ. ಆ ಗೆರೆ ಕಾಯುವವನು ಬೆಳಗ್ಗೆ ಎದ್ದು ತಕ್ಕಡಿ ಮುಂದೆ ಕೂರುವ ಸಂಬಳದವನು. ಶಿಬಿ ಚಕ್ರವರ್ತಿಯ ಕಥೆಯಲ್ಲೂ ಗಿಡುಗ ಇದೆ, ತಕ್ಕಡಿ ಇದೆ. ‘ನನ್ನ ಊಟ ಕಿತ್ತುಕೊಂಡರೆ ನನ್ನ ಗತಿ ಏನು’ ಎಂದು ಅಲ್ಲಿ ಗಿಡುಗ ಕೇಳುತ್ತದಲ್ಲ, ಅದನ್ನು ನಾನು ಚಿಕ್ಕಂದಿನಲ್ಲಿ ಕೆಟ್ಟ ಹಕ್ಕಿಯ ಮೊಂಡುವಾದ ಎಂದುಕೊಂಡಿದ್ದೆ. ಲ್ಯಾಬಿನಲ್ಲಿ ಎರಡು ವರ್ಷ ಕಳೆದ ಮೇಲೆ ಅದು ಸರಿಯಾಗಿಯೇ ಕೇಳಿದೆ ಅನಿಸಿತು.

ಹಿಕ್ಕೆಯ ವಿಷಯ ಪತ್ರಿಕೆಗೆ ಬರೆಯಬಾರದೇನೋ, ಆದರೂ ಬರೆಯುತ್ತೇನೆ. ಗಿಡುಗದ ಹಿಕ್ಕೆ ಬೆಳ್ಳಗಿದ್ದು ಮಧ್ಯೆ ಕಪ್ಪು ಇದ್ದರೆ ಕ್ಷೇಮ. ಕಡು ಹಸಿರಾದರೆ ಹೊಟ್ಟೆ ಖಾಲಿ, ಇಲ್ಲವೇ ಕಾಯಿಲೆ. ಬೆಳಗಿನ ಹೊತ್ತು ಅದು ಅರಗದ ಗರಿ, ಮೂಳೆಗಳನ್ನು ಉಂಡೆ ಮಾಡಿ ಉಗುಳುತ್ತದೆ. ಆ ಉಂಡೆ ವಾಸನೆ ಬಂದರೆ ಒಳಗೆ ಏನೋ ಕೆಟ್ಟಿದೆ. ನಾನು ಮೈಕ್ರೋಸ್ಕೋಪಿನಲ್ಲಿ ಅರ್ಧ ಗಂಟೆ ನೋಡಿ ಹೇಳುವುದನ್ನು ಅವರು ಉಂಡೆ ಮೂಸಿ ಹೇಳುತ್ತಿದ್ದರು. ಪಾರಿವಾಳದ ಮಾಂಸದಿಂದ ಗಿಡುಗದ ಬಾಯಲ್ಲಿ ಹಳದಿ ಪದರ ಕಟ್ಟುವ ರೋಗ ಬರುತ್ತದೆ. ಹಳೆಯ ಇಂಗ್ಲಿಷ್ ಗಿಡುಗ ಪುಸ್ತಕಗಳಲ್ಲಿ ಅದರ ಹೆಸರು ಫ್ರೌನ್ಸ್. ಅದಕ್ಕೆ ಕಾರಣವಾದ ಜೀವಿ ನನ್ನ ಗಾಜಿನ ಮೇಲೆ ಬಾಲ ಬಡಿಯುತ್ತಾ ಓಡಾಡುವುದನ್ನು ಮೊದಲ ಸಲ ಕಂಡಾಗ ನಾನು ಖುಷಿಯಿಂದ ಕೂಗಿದ್ದೆ. ಹಕ್ಕಿ ತಂದವರು, ಸುಮಾರು ಅರವತ್ತರ ಪಠಾಣರು, ‘ನಾನು ನಿನ್ನೆಯೇ ಹೇಳಿದೆನಲ್ಲ ಬೇಟಿ’ ಎಂದರು. ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು.

ಚಾಚಾ ನನ್ನ ಕೆಲಸ ಉಳಿಸಿದವರು. ಸೇರಿದ ಮೊದಲ ವರ್ಷದ ಮಾತು. ರಕ್ತ ತೆಗೆಯುವಾಗ ಗಿಡುಗವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯುತ್ತಾರೆ. ಬಾಲ ಮುರಿಯದ ಹಾಗೆ ಮೊದಲು ಅದಕ್ಕೊಂದು ಕಾಗದದ ಪಟ್ಟಿ ಸುತ್ತಬೇಕು. ಅವತ್ತು ಜನ ಜಾಸ್ತಿ ಇದ್ದರು, ನಾನು ಮರೆತೆ. ಹಕ್ಕಿ ಒದರಿತು. ಟಕ್ ಎಂದು ಎರಡು ಸಲ ಸದ್ದಾಯಿತು. ಹನ್ನೆರಡು ಬಾಲದ ಗರಿಗಳಲ್ಲಿ ಎರಡು ಅರ್ಧಕ್ಕೆ ಮುರಿದಿದ್ದವು. ಬೇಟೆಯ ಋತು ಶುರುವಾಗಲು ಇನ್ನು ಹದಿನೈದು ದಿನ. ಬಾಲ ಇಲ್ಲದ ಗಿಡುಗ ಚುಕ್ಕಾಣಿ ಇಲ್ಲದ ದೋಣಿ. ಮುರಿದ ಗರಿ ಬೀಳುವುದು ಮುಂದಿನ ಬೇಸಿಗೆಯಲ್ಲಿ, ಹೊಸದು ಬರುವುದೂ ಆಗಲೇ. ಆ ಹಕ್ಕಿಯ ಬೆಲೆ ನನ್ನ ಎಷ್ಟು ವರ್ಷದ ಸಂಬಳ ಎಂದು ಲೆಕ್ಕ ಹಾಕಿ ಅಲ್ಲೇ ಅಳಲು ಶುರು ಮಾಡಿದೆ.

ಚಾಚಾ ಏನೂ ಹೇಳಲಿಲ್ಲ. ಗಾಡಿಯಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ಹಿಂದಿನ ಬೇಸಿಗೆಯಲ್ಲಿ ಅದೇ ಹಕ್ಕಿ ಉದುರಿಸಿದ ಗರಿಗಳು. ರೆಕ್ಕೆಯವು ಒಂದು ಕಡೆ, ಬಾಲದವು ಒಂದು ಕಡೆ, ಎಡ ಬಲ ಬೇರೆ ಬೇರೆ, ಕ್ರಮವಾಗಿ ಕಟ್ಟು ಕಟ್ಟಿ ಇಟ್ಟಿದ್ದರು. ಮುರಿದ ಗರಿಯ ಕಾಂಡವನ್ನು ಓರೆಯಾಗಿ ಕತ್ತರಿಸಿದರು. ಹಳೆ ಗರಿಯನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದರು. ಬಿದಿರನ್ನು ಸೂಜಿಯಷ್ಟು ಸಣ್ಣಗೆ ಕೆತ್ತಿ, ಅಂಟು ಹಚ್ಚಿ, ಒಂದು ತುದಿ ಇದರೊಳಗೆ, ಒಂದು ತುದಿ ಅದರೊಳಗೆ ಕೂರಿಸಿದರು. ಬೆರಳಲ್ಲಿ ಸವರಿ ಎಳೆಗಳನ್ನು ಜೋಡಿಸಿದರು. ಎರಡು ಗರಿಗೆ ಮುಕ್ಕಾಲು ಗಂಟೆ. ಜೋಡಿಸಿದ ಜಾಗ ಎಲ್ಲಿ ಎಂದು ನನಗೇ ಹುಡುಕಲು ಆಗಲಿಲ್ಲ. ‘ಇದನ್ನು ಯಾರಿಂದ ಕಲಿತಿರಿ ಚಾಚಾ’ ಎಂದೆ. ‘ಅಪ್ಪನಿಂದ’ ಎಂದರು. ಅಪ್ಪ? ‘ಅವರ ಅಪ್ಪನಿಂದ.’ ಈ ಗರಿ ಕಸಿ ಶತಮಾನಗಳಷ್ಟು ಹಳೆಯ ವಿದ್ಯೆ. ಯುರೋಪಿನಲ್ಲೂ ಇತ್ತು, ಏಷ್ಯಾದಲ್ಲೂ ಇತ್ತು. ಬಿದಿರಿನ ಬದಲು ಈಗ ಕಾರ್ಬನ್ ಕಡ್ಡಿ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ.

ನಿಮ್ಮ ಲೇಖನದ ಅರ್ಧ ಭಾಗ ಚಕ್ರವರ್ತಿಗಳ ಪಟ್ಟಿ. ಅವರನ್ನೇ ಇನ್ನೊಂದು ಕಡೆಯಿಂದ ನೋಡೋಣ. ಚಕ್ರವರ್ತಿ ಎರಡನೆಯ ಫ್ರೆಡರಿಕ್ ಬಗ್ಗೆ ಬರೆದಿದ್ದೀರಿ. 13ನೇ ಶತಮಾನದವನು, ಹಕ್ಕಿಗಳಿಂದ ಬೇಟೆಯಾಡುವ ಕಲೆಯ ಬಗ್ಗೆ ಲ್ಯಾಟಿನ್‌ನಲ್ಲಿ ದೊಡ್ಡ ಗ್ರಂಥ ಬರೆದವನು. ನನಗೂ ಅವನೆಂದರೆ ಇಷ್ಟವೇ. ರಣಹದ್ದು ಹೆಣವನ್ನು ಹುಡುಕುವುದು ವಾಸನೆಯಿಂದಲೋ ಕಣ್ಣಿಂದಲೋ ಎಂದು ಅವುಗಳ ಕಣ್ಣು ಮುಚ್ಚಿ ಪರೀಕ್ಷೆ ಮಾಡಿದ. ಅರಿಸ್ಟಾಟಲ್ ಹಕ್ಕಿಗಳ ಬಗ್ಗೆ ಹೇಳಿದ್ದರಲ್ಲಿ ತಪ್ಪಿದೆ, ಆತ ಗಿಡುಗ ಬೇಟೆ ಮಾಡಿದವನೇ ಅಲ್ಲ ಎಂದು ಧೈರ್ಯವಾಗಿ ಬರೆದ. ಗಿಡುಗದ ಟೋಪಿಯನ್ನು ಅರಬರಿಂದ ಕಲಿತೆ ಎಂದು ಒಪ್ಪಿಕೊಂಡ. 1248ರಲ್ಲಿ ಪಾರ್ಮಾ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದವನು ಒಂದು ದಿನ ಬೇಟೆಗೆ ಹೋದ. ಪಾರ್ಮಾದವರು ಹೊರಗೆ ನುಗ್ಗಿ ಪಾಳೆಯವನ್ನೇ ಲೂಟಿ ಮಾಡಿದರು. ಗಿಡುಗದ ಹುಚ್ಚಿಗೆ ಯುದ್ಧ ಸೋತವನು ಎಂದು ಎಲ್ಲರೂ ನಗುತ್ತಾರೆ.

ಆ ಗ್ರಂಥದಲ್ಲಿ ನನಗೆ ಹಿಡಿಸುವ ಭಾಗ ಬೇರೆ. ಗಿಡುಗ ನೋಡಿಕೊಳ್ಳುವವನು ಹೇಗಿರಬೇಕು ಎಂದು ಪಟ್ಟಿ ಮಾಡುತ್ತಾನೆ. ಕುಡುಕ ಆಗಿರಬಾರದು. ಮುಂಗೋಪಿ ಆಗಿರಬಾರದು. ಹೊಟ್ಟೆಬಾಕ ಆಗಿರಬಾರದು. ನೆನಪು ಚೆನ್ನಾಗಿರಬೇಕು. ಗಾಢ ನಿದ್ದೆಯವನು ಬೇಡವೇ ಬೇಡ, ರಾತ್ರಿ ಹಕ್ಕಿಯ ಕಾಲ್ಗೆಜ್ಜೆ ಸದ್ದಾದರೆ ಎಚ್ಚರವಾಗಬೇಕು. ಇದನ್ನು ಓದಿದಾಗ ನನಗೆ ಚಕ್ರವರ್ತಿ ಕಾಣಲಿಲ್ಲ. ಗೆಜ್ಜೆ ಸದ್ದಿಗೆ ಅರ್ಧರಾತ್ರಿ ಎದ್ದು ಕೂತ ಯಾರೋ ಒಬ್ಬ ಕಂಡ.

ಜಹಾಂಗೀರ್ ಬಾದಶಹನ ಆತ್ಮಕಥೆಯಲ್ಲೂ ಇಂಥದ್ದೇ ಒಂದು ಜಾಗ ಇದೆ. 1619ರ ಸುಮಾರಿಗೆ ಇರಾನಿನ ಷಾ ಅವನಿಗೆ ಅಪರೂಪದ ಗಿಡುಗವೊಂದನ್ನು ಕಳಿಸಿದ. ದಾರಿಯಲ್ಲಿ ಬೆಕ್ಕು ಅದರ ಮೇಲೆ ಬಿತ್ತು. ಹೇಗೋ ಆಸ್ಥಾನ ತಲುಪಿಸಿದರು, ಆದರೆ ಒಂದು ವಾರವೂ ಬದುಕಲಿಲ್ಲ. ರೆಕ್ಕೆ, ಬೆನ್ನು, ಪಕ್ಕೆಗಳ ಮೇಲಿನ ಕಪ್ಪು ಗುರುತುಗಳ ಅಂದವನ್ನು ಬಾದಶಹ ವರ್ಣಿಸಿ, ಉಸ್ತಾದ್ ಮನ್ಸೂರನಿಗೆ ಅದರ ಚಿತ್ರ ಬರೆಯಲು ಹೇಳಿದ. ಬೆಕ್ಕಿನ ಕಥೆಗೆ ಕಾರಣ ಗಿಡುಗ ತರುತ್ತಿದ್ದ ಅಧಿಕಾರಿಯ ಅಜಾಗರೂಕತೆ ಎಂದೂ ಬರೆದಿಟ್ಟ. ಇರಾನಿನಿಂದ ಹಿಂದೂಸ್ತಾನದವರೆಗೆ ಬೆಟ್ಟ, ಮರಳುಗಾಡು ದಾಟಿ ತಿಂಗಳುಗಟ್ಟಲೆ ಹಕ್ಕಿಯನ್ನು ಜೀವಂತ ತಂದವರ ಹೆಸರು ಎಷ್ಟು ಉಳಿದಿದೆ? ಒಂದು ರಾತ್ರಿ ಬೆಕ್ಕು ಬಂದದ್ದು ಮಾತ್ರ ನಾಲ್ಕು ನೂರು ವರ್ಷದಿಂದ ಉಳಿದಿದೆ.

ಆ ರಾಜರೆಲ್ಲರ ಗಿಡುಗಗಳು ಎಲ್ಲಿಂದ ಬರುತ್ತಿದ್ದವು? ನೆದರ್‌ಲ್ಯಾಂಡ್ಸ್‌ನಲ್ಲಿ ವಾಲ್ಕೆನ್ಸ್‌ವಾರ್ಡ್ ಎಂಬ ಊರಿದೆ. ಶತಮಾನಗಳ ಕಾಲ ಆ ಊರಿನವರ ಕಸುಬು ವಲಸೆ ಗಿಡುಗಗಳನ್ನು ಹಿಡಿದು ಯುರೋಪಿನ ಆಸ್ಥಾನಗಳಿಗೆ ಮಾರುವುದು, ಅವುಗಳ ಜೊತೆ ತಾವೂ ಕೆಲಸಕ್ಕೆ ಹೋಗುವುದು. ಚಳಿಗಾಲಕ್ಕೆ ಮುಂಚೆ ಪೆರಿಗ್ರಿನ್ ಗಿಡುಗಗಳು ದಕ್ಷಿಣಕ್ಕೆ ಹೋಗುವಾಗ ಬಯಲಿನಲ್ಲಿ ಅರ್ಧ ನೆಲದೊಳಗೆ ಗುಡಿಸಲು ಮಾಡಿ, ಮೇಲೆ ಹುಲ್ಲುಹೆಂಟೆ ಹೊದಿಸಿ, ಒಳಗೆ ಕೂರುತ್ತಿದ್ದರು. ಹೊರಗೆ ಒಂದು ಪುಟ್ಟ ಕಳಿಂಗ ಹಕ್ಕಿಯನ್ನು ಕಟ್ಟಿರುತ್ತಿದ್ದರು. ಅದು ಅಡಗಿಕೊಳ್ಳಲು ಅದಕ್ಕೂ ಒಂದು ಪುಟ್ಟ ಹೆಂಟೆಯ ಗೂಡು. ಮನುಷ್ಯನ ಕಣ್ಣಿಗೆ ಆಕಾಶ ಖಾಲಿ ಇರುವಾಗಲೇ ಕಳಿಂಗ ಗಿಡುಗವನ್ನು ಕಂಡು ಗಾಬರಿಯಿಂದ ಕೂಗಿ ಗೂಡಿಗೆ ನುಗ್ಗುತ್ತಿತ್ತು. ಒಳಗಿದ್ದವನು ದಾರ ಎಳೆದು, ಆಮಿಷಕ್ಕೆಂದು ಹೊರಗೆ ಕಟ್ಟಿದ್ದ ಪಾರಿವಾಳ ರೆಕ್ಕೆ ಬಡಿಯುವ ಹಾಗೆ ಮಾಡುತ್ತಿದ್ದ. ಗಿಡುಗ ಎರಗುತ್ತಿತ್ತು, ಬಲೆ ಬೀಳುತ್ತಿತ್ತು. ಈ ಕಳಿಂಗ ಜಾತಿಯ ವೈಜ್ಞಾನಿಕ ಹೆಸರಿನಲ್ಲೇ ‘ಕಾವಲುಗಾರ’ ಎಂಬ ಅರ್ಥದ ಪದ ಇದೆ.

ಕಪ್ಪು ಸಮುದ್ರದ ದಡದಲ್ಲಿ, ಟರ್ಕಿ ಮತ್ತು ಜಾರ್ಜಿಯಾ ಕಡೆ, ಗಿಡುಗ ಬೇಟೆ ರೈತರದು. ಅಲ್ಲಿ ಯಾವ ರಾಜನೂ ಇಲ್ಲ. ಅವರ ಸರಪಳಿ ಕೇಳಿದರೆ ನಗು ಬರುತ್ತದೆ. ಮಣ್ಣು ಅಗೆದು ಒಂದು ಹುಳ ಹಿಡಿಯುತ್ತಾರೆ. ಆ ಹುಳ ತೋರಿಸಿ ಕಳಿಂಗ ಹಿಡಿಯುತ್ತಾರೆ. ಆ ಕಳಿಂಗ ತೋರಿಸಿ ವಲಸೆ ಬಂದ ಸಣ್ಣ ಗಿಡುಗ ಹಿಡಿಯುತ್ತಾರೆ. ಅದಕ್ಕೆ ಕೆಲವೇ ದಿನ ಕಲಿಸಿ ಲಾವಕ್ಕಿ ಬೇಟೆಗೆ ಬಿಡುತ್ತಾರೆ. ಲಾವಕ್ಕಿಯ ಕಾಲ ಮುಗಿದ ಮೇಲೆ ಗಿಡುಗಕ್ಕೆ ಹೊಟ್ಟೆ ತುಂಬ ತಿನ್ನಿಸಿ ಬಿಟ್ಟುಬಿಡುತ್ತಾರೆ, ಅದು ತನ್ನ ದಾರಿ ಹಿಡಿಯುತ್ತದೆ. ಮಂಗೋಲಿಯಾದ ಬಯಾನ್ ಓಲ್ಗೀ ಕಡೆಯ ಕಜಕ್ ಕುರಿಗಾಹಿಗಳೂ ಹಾಗೆಯೇ. ಚಿನ್ನದ ಗರುಡದ ಹೆಣ್ಣು ಮರಿ ತಂದು, ನರಿ ಬೇಟೆ ಕಲಿಸಿ, ಕೆಲವು ವರ್ಷಗಳ ನಂತರ ಮೊಟ್ಟೆ ಇಡಲಿ ಎಂದು ಬೆಟ್ಟಕ್ಕೆ ಬಿಡುವ ರೂಢಿ ಅವರದು. ಕೊರಿಯಾದಲ್ಲಿ ಗಿಡುಗದ ಬಾಲಕ್ಕೆ ಯಜಮಾನನ ಹೆಸರಿನ ಚೀಟಿ ಕಟ್ಟುತ್ತಿದ್ದರು, ಅದಕ್ಕೆ ಸಿಚಿಮಿ ಎಂದು ಹೆಸರು. ಕದ್ದವನು ಮೊದಲು ಅದನ್ನು ಕಿತ್ತೆಸೆಯುತ್ತಿದ್ದ. ಇವತ್ತಿಗೂ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರೆ ಕೊರಿಯಾದವರು ‘ಸಿಚಿಮಿ ಕೀಳುತ್ತಿದ್ದಾನೆ’ ಎನ್ನುತ್ತಾರೆ. ಒಂದು ಕಸುಬು ಜನರದ್ದಾಗಿದ್ದರೆ ತಾನೇ ಅದು ಗಾದೆಯಾಗುವುದು?

ಇದೆಲ್ಲ ಹೇಳಿದ ಮೇಲೆ, ಈ ಕಸುಬು ಬರೀ ಒಳ್ಳೆಯದು ಎಂದು ನಾನು ವಾದಿಸುವುದಿಲ್ಲ. ಯುರೋಪಿನಲ್ಲಿ ಟೋಪಿ ಬರುವ ಮುಂಚೆ ಹೊಸ ಗಿಡುಗದ ಕಣ್ಣು ರೆಪ್ಪೆಗಳನ್ನು ದಾರದಿಂದ ಹೊಲಿಯುತ್ತಿದ್ದರು. ಆಮೇಲೂ ಬಹಳ ಕಾಲ ಹೊಲಿದರು. ಪೂರ್ವದಲ್ಲೂ ಅದು ಇತ್ತು. ಕಳ್ಳತನದಲ್ಲಿ ಹಿಡಿದು ಸಾಗಿಸಿದ ಹಕ್ಕಿಗಳು ನಮ್ಮ ಆಸ್ಪತ್ರೆಗೂ ಬರುತ್ತಿದ್ದವು. ಕಾಲು ಊದಿ, ಗರಿ ಮುರಿದು, ಮೂಳೆ ಮಾತ್ರ ಉಳಿದ ಹಕ್ಕಿಗಳು. ಅವುಗಳ ರಕ್ತ ತೆಗೆಯುವಾಗ ನನಗೆ ಸಿಟ್ಟು ಬರುತ್ತಿತ್ತು. ಕಾಡಿನ ಸೇಕರ್ ಇವತ್ತು ಅಳಿವಿನಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ಬೇಟೆಗಾಗಿ ಹಿಡಿದದ್ದು ಅದಕ್ಕೆ ಒಂದು ಕಾರಣ, ಹುಲ್ಲುಗಾವಲಿನ ಕರೆಂಟ್ ಕಂಬಗಳು ಇನ್ನೊಂದು. ಅರಬ್ ಬೇಟೆಗಾರರು ಗಿಡುಗ ಬಿಟ್ಟು ಹಿಡಿಸುವ ನೆಚ್ಚಿನ ಬೇಟೆಯಾದ ಹೌಬಾರಾ ಹಕ್ಕಿಯ ಸಂಖ್ಯೆಯೂ ಸೊರಗಿದೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಗಿಡುಗ ಬೇಟೆಗೆ ಜಾಗ ಇಲ್ಲ. ಅದು ಸರಿಯೇ ಎಂದು ನನ್ನ ಅಭಿಪ್ರಾಯ. ಚಾಚಾ ಒಪ್ಪುತ್ತಿರಲಿಲ್ಲ.

ಆದರೆ ನಿಮ್ಮ ಲೇಖನದ ಕೊನೆಯ ಸಾಲು, ‘ಈ ಆಟದಿಂದ ಹಕ್ಕಿಗಳಿಗೆ ನಷ್ಟವೇ ಹೊರತು ಲಾಭವಿಲ್ಲ’ ಎನ್ನುವುದು, ಅದನ್ನು ಹಾಗೇ ಬಿಡಲು ಆಗುವುದಿಲ್ಲ.

1960ರ ಸುಮಾರಿಗೆ ಬ್ರಿಟನ್ನಿನ ಪಂದ್ಯದ ಪಾರಿವಾಳ ಸಾಕುವವರು ಸರ್ಕಾರಕ್ಕೆ ದೂರು ಕೊಟ್ಟರು. ಪೆರಿಗ್ರಿನ್ ಗಿಡುಗ ಜಾಸ್ತಿಯಾಗಿದೆ, ನಮ್ಮ ಪಾರಿವಾಳ ಉಳಿಯುತ್ತಿಲ್ಲ ಎಂದು. ಸರಿ, ಎಣಿಸೋಣ ಎಂದು ಡೆರೆಕ್ ರಾಟ್‌ಕ್ಲಿಫ್ ಎನ್ನುವ ವಿಜ್ಞಾನಿಯ ಮುಂದಾಳುತನದಲ್ಲಿ ಎಣಿಸಿದರು. ನೋಡಿದರೆ ಗೂಡುಗಳು ಖಾಲಿ. ಇದ್ದ ಗೂಡಿನಲ್ಲಿ ಒಡೆದ ಮೊಟ್ಟೆ. ಆತ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆ ಚಿಪ್ಪುಗಳನ್ನು ತೂಗಿ, ಅಳೆದು, 1967ರಲ್ಲಿ ಪ್ರಕಟಿಸಿದ. ಎರಡನೇ ಮಹಾಯುದ್ಧದ ನಂತರ ಚಿಪ್ಪು ತೆಳುವಾಗಿತ್ತು. ಹೊಲಕ್ಕೆ ಸಿಂಪಡಿಸಿದ ಡಿಡಿಟಿ ಹುಳದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಗಿಡುಗಕ್ಕೆ ಏರಿತ್ತು. ತಾಯಿ ಕಾವು ಕೊಡಲು ಕೂತರೆ ಮೊಟ್ಟೆ ಒಡೆಯುತ್ತಿತ್ತು. ಅಮೆರಿಕದ ಪೂರ್ವ ಭಾಗದಲ್ಲಂತೂ 1960ರ ದಶಕದ ಮಧ್ಯದ ಹೊತ್ತಿಗೆ ಮರಿ ಮಾಡುವ ಒಂದು ಜೋಡಿಯೂ ಉಳಿಯಲಿಲ್ಲ. ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಗುವ ಹಕ್ಕಿ ಕೂತಲ್ಲೇ ಸೋತಿತ್ತು.

ಅಮೆರಿಕ 1972ರಲ್ಲಿ ಡಿಡಿಟಿ ನಿಲ್ಲಿಸಿತು. ಆದರೆ ನಿಲ್ಲಿಸಿದರೆ ಸಾಕೇ, ಹಕ್ಕಿ ಎಲ್ಲಿಂದ ಬರಬೇಕು? ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್, ಸ್ವತಃ ಗಿಡುಗ ಬೇಟೆಗಾರ, 1970ರಲ್ಲಿ ಪೆರಿಗ್ರಿನ್ ಫಂಡ್ ಎಂಬ ಸಂಸ್ಥೆ ಶುರು ಮಾಡಿದರು. ಎಷ್ಟೋ ಬೇಟೆಗಾರರು ತಾವು ಸಾಕಿದ ಗಿಡುಗಗಳನ್ನು ಮರಿ ಮಾಡಿಸಲು ಕೊಟ್ಟರು. ಕೂಡಿ ಹಾಕಿದ ಗಿಡುಗ ಮರಿ ಮಾಡುವುದೇ ಇಲ್ಲ ಎಂದು ಬಹಳ ಜನ ನಂಬಿದ್ದ ಕಾಲ ಅದು. ಮನುಷ್ಯರ ಕೈಯಲ್ಲಿ ಬೆಳೆದು ಮನುಷ್ಯನನ್ನೇ ಜೋಡಿ ಎಂದುಕೊಂಡ ಗಂಡು ಗಿಡುಗಕ್ಕಾಗಿ ವಿಶೇಷ ಟೋಪಿ ಹೊಲಿದರು. ಅದನ್ನು ತಲೆಗೆ ಹಾಕಿಕೊಂಡು, ಗಿಡುಗದ ಹಾಗೆ ಬಾಗಿ ಕೂಗಿದರೆ, ಅದು ಹಾರಿ ಬಂದು ಟೋಪಿಯ ಮೇಲೆ ಕೂಡುತ್ತದೆ. ಟೋಪಿಯ ಅಂಚಿನಲ್ಲಿ ಸಿಕ್ಕ ವೀರ್ಯದಿಂದ ಹೆಣ್ಣಿಗೆ ಗರ್ಭ ಕಟ್ಟಿಸುತ್ತಾರೆ. ನಗಬೇಡಿ. ಒಳ್ಳೊಳ್ಳೆಯ ಪದವಿ ಪಡೆದವರು ದಿನಾ ಬೆಳಗ್ಗೆ ಹಾಗೆ ಬಾಗಿ ಕೂಗಿದ್ದಾರೆ.

ಮರಿಯನ್ನು ಕಾಡಿಗೆ ಬಿಡುವ ವಿದ್ಯೆಯೂ ಗಿಡುಗ ಸಾಕುವವರದ್ದೇ. ಹಿಂದೆ ಇಂಗ್ಲೆಂಡಿನಲ್ಲಿ ಮರಿಗಳನ್ನು ಎತ್ತರದ ಜಾಗದಲ್ಲಿಟ್ಟು, ಕಟ್ಟದೆ, ದಿನಾ ಅದೇ ಜಾಗದಲ್ಲಿ ಊಟ ಇಡುತ್ತಿದ್ದರು. ಹಾರಲು ತಾವೇ ಕಲಿಯುತ್ತಿದ್ದವು, ಹಸಿದಾಗ ವಾಪಸ್ ಬರುತ್ತಿದ್ದವು. ಬೇಟೆ ಮಾಡಲು ಶುರು ಮಾಡಿದ ಕೂಡಲೇ ಹಿಡಿಯುತ್ತಿದ್ದರು. ಅಮೆರಿಕದಲ್ಲಿ ಇದೇ ಕ್ರಮ ಹಿಡಿದು, ಕೊನೆಯಲ್ಲಿ ಹಿಡಿಯುವುದೊಂದನ್ನು ಕೈಬಿಟ್ಟರು. 4000ಕ್ಕೂ ಹೆಚ್ಚು ಮರಿಗಳು ಹೀಗೆ ಹಾರಿ ಹೋದವು. ಬಂಡೆಯ ಬದಲು ಗಗನಚುಂಬಿ ಕಟ್ಟಡ ಸಿಕ್ಕರೂ ಗೂಡು ಮಾಡಿದವು. 1999ರಲ್ಲಿ ಪೆರಿಗ್ರಿನ್ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. ಬೆಟ್ಟಗಳ ಮೇಲೆ ಮರಿಗಳನ್ನಿಟ್ಟ ಪೆಟ್ಟಿಗೆಯ ಪಕ್ಕ ಡೇರೆ ಹಾಕಿಕೊಂಡು, ಗೂಬೆ ಬರದಂತೆ ಕಾಯುತ್ತಾ, ಬೇಸಿಗೆಯಿಡೀ ಕೂತ ಹುಡುಗ ಹುಡುಗಿಯರಿದ್ದರು. ಅವರ ಫೋಟೊ ಯಾವ ಪುರವಣಿಯಲ್ಲೂ ನಾನು ಕಂಡಿಲ್ಲ.

ಈಗಿನ ಕಾಲದ ಬಗ್ಗೆ ನಿಮ್ಮ ಲೇಖನ ಹೇಳಿದ್ದು ಬಹುಪಾಲು ಸರಿ. ಗಿಡುಗ ಬೇಟೆ 2010ರಲ್ಲಿ ಯುನೆಸ್ಕೊದ ಪಟ್ಟಿಗೆ ಸೇರಿತು, ಆಗ 11 ದೇಶಗಳ ಹೆಸರಲ್ಲಿ, 2021ರ ಹೊತ್ತಿಗೆ 24. ಕೊಲ್ಲಿಯಲ್ಲಿ ಈಗ ಹೆಚ್ಚಿನವು ಸಾಕಣೆಯಲ್ಲೇ ಹುಟ್ಟಿದ ಹಕ್ಕಿಗಳು. ಹಿಮದ ನಾಡಿನ ಜಿರ್ ಗಿಡುಗದ ಮಿಶ್ರತಳಿಗಳೂ ಬಹಳ. ಬೇಸಿಗೆಯಲ್ಲಿ ಅವು ಎಸಿ ಕೋಣೆಯಲ್ಲಿ ಕೂತು ಗರಿ ಬದಲಿಸುತ್ತವೆ. ನಾನೂರು ಮೀಟರ್ ಓಟದ ಪಂದ್ಯ ಇದೆ. ಡ್ರೋನಿಗೆ ಗರಿ ಕಟ್ಟಿ ಎತ್ತರಕ್ಕೆ ಹಾರಲು ಕಲಿಸುತ್ತಾರೆ. ಬೆನ್ನಿಗೆ ಜಿಪಿಎಸ್. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಿಡುಗಕ್ಕೆ 2002ರಿಂದ ಪಾಸ್‌ಪೋರ್ಟ್ ಕೂಡ ಇದೆ, ಕಾಲುಂಗುರದ ನಂಬರ್ ಸಮೇತ. ಕಳ್ಳಸಾಗಣೆ ತಡೆಯಲು ಮಾಡಿದ್ದು. ವಿಮಾನದಲ್ಲಿ ಗಿಡುಗ ಸೀಟಿನ ಮೇಲೆ ಕೂತು ಹೋಗುವುದನ್ನು ನೀವು ತಮಾಷೆಯಾಗಿ ಬರೆದಿದ್ದೀರಿ, ಓದಿ ನಾನೂ ನಕ್ಕೆ. ಚಾಚಾ ಒಂದು ಸಲ ಹೇಳಿದ್ದು ನೆನಪಾಯಿತು. ‘ಇವಳ ಪಾಸ್‌ಪೋರ್ಟ್ ನನ್ನ ಜೇಬಿನಲ್ಲಿದೆ ಬೇಟಿ, ನನ್ನದು ಸಾಹೇಬರ ಬೀರುವಿನಲ್ಲಿದೆ.’ ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಗಿಡುಗದ ತಲೆ ಸವರುತ್ತಾ, ಮಳೆ ಬಂತು ಎನ್ನುವ ಹಾಗೆ ಹೇಳಿದರು.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಫ್ರೆಡರಿಕ್‌ನನ್ನು ಕತ್ತರಿಸಿ, ಜಹಾಂಗೀರನನ್ನೂ ಕತ್ತರಿಸಿ. ಚಾಚಾನನ್ನು ಮಾತ್ರ ಉಳಿಸಿ. ರಣಹದ್ದಿನ ಬಗ್ಗೆ ಒಂದು ತಿದ್ದುಪಡಿ ಹಾಕಿ. ಮತ್ತೆ ಆ ಫೋಟೊ. ಕತ್ತರಿಸುವ ಮುಂಚಿನದು ನಿಮ್ಮ ಕಚೇರಿಯಲ್ಲಿ ಇದ್ದೇ ಇರುತ್ತದೆ. ದಯವಿಟ್ಟು ಒಂದು ಸಲ ಪೂರ್ತಿ ಹಾಕಿ. ಆ ತೋಳುಪಟ್ಟಿಯ ಮೇಲೆ, ಮಣಿಕಟ್ಟಿನ ಹತ್ತಿರ, ಕಪ್ಪು ದಾರದಲ್ಲಿ ತೇಪೆ ಹಾಕಿದ್ದು ಕಾಣುತ್ತದೆ. ಆ ಹೊಲಿಗೆ ನಾನು ನೋಡಿದ್ದೇನೆ ಎಂದು ಭೂತಗನ್ನಡಿ ಇಟ್ಟುಕೊಂಡು ಮೂರು ಸಲ ನೋಡಿದೆ. ಖಾತ್ರಿ ಆಗಲಿಲ್ಲ. ಮುಖ ಕಂಡರೆ ಹೇಳಬಲ್ಲೆ.

ಇತಿ,
ಗಿಡುಗ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದ ನಿಮ್ಮ ಓದುಗಳು